ಚಕ್ರದ ಮನೆಗೆ ಹಾಲು ಉಕ್ಕಿಸಿದ್ದು

ಚಮಚಕ್ಕೆ ಬಾಯಿ ಬರುವುದು ಮನೆ ಹೊರಟಾಗ. ನಿಂತ ಮನೆಯ ಅಡುಗೆಕೋಣೆಯಲ್ಲಿ ಮೌನವ್ರತ ಹಿಡಿದವರಂತೆ ವರ್ಷಗಟ್ಟಲೆ ಮಲಗಿರುವ ಈ ಸಜ್ಜನರು, ಅದೇ ಅಡುಗೆಕೋಣೆಗೆ ಚಕ್ರ ಕಟ್ಟಿ ಹುಮನಾಬಾದಿನ ರಸ್ತೆಗೆ ಬಿಟ್ಟಿರೆಂದರೆ, ಮೊದಲನೆಯ ಗುಂಡಿಗೇ ವ್ರತ ಮುರಿದು ವಾಗ್ವಾದಕ್ಕಿಳಿಯುತ್ತಾರೆ. ಒಂದು ಚಮಚ ಇನ್ನೊಂದರ ಮೇಲೆ ದೂರು ಹೇಳುತ್ತದೆ, ನಡುವೆ ಸೌಟು ಬಾಯಿ ಹಾಕುತ್ತದೆ, ಸಾಸಿವೆ ಡಬ್ಬಿಯ ಮುಚ್ಚಳ ತಾಳ ಹಿಡಿಯುತ್ತದೆ. ಎಲ್ಲರನ್ನೂ ಹಳೆಯ ಧೋತರದಲ್ಲಿ ಸುತ್ತಿ ಬಿಗಿದರೆ ಮಾತ್ರ ಶಾಂತಿ. ಚಕ್ರದ ಮೇಲಿನ ಸಂಸಾರದ ಬಗ್ಗೆ ನಾನು ಓದುಗರಿಗೆ ಧೈರ್ಯವಾಗಿ ಕೊಡಬಲ್ಲ ಸಲಹೆ ಇದೊಂದೇ. ಮಿಕ್ಕ ಸಲಹೆಗಳನ್ನೆಲ್ಲ ನಾನೇ ಇತರರಿಂದ ಪಡೆದು ಕೆಟ್ಟಿದ್ದೇನೆ.

ನಾನು ಹುಮನಾಬಾದಿನಲ್ಲಿ ಹೋಮಿಯೋಪಥಿ ವೈದ್ಯ. ಮನೆಯ ಮುಂದಿನ ಕೋಣೆಯೇ ದವಾಖಾನೆ, ಹಿಂದಿನದೆಲ್ಲ ಸಂಸಾರ. ಈಗ ದವಾಖಾನೆಯನ್ನು ನನ್ನ ಸೊಸೆ ನೋಡಿಕೊಳ್ಳುತ್ತಾಳೆ, ಮತ್ತು ನಾನು ನೋಡಿಕೊಳ್ಳುತ್ತಿದ್ದುದಕ್ಕಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆಂಬ ಮಾತು ಊರಿನಲ್ಲಿ ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಓಡಾಡುತ್ತಿದೆ. ಹೀಗೆ ಸಸಮ್ಮಾನ ನಿರುದ್ಯೋಗಿಯಾದ ಮೇಲೆ, ಒಂದು ಶಾಲೆಯವರು ಸಾಕಾಗಿ ಮಾರಲಿಟ್ಟಿದ್ದ ಹಳದಿ ಬಣ್ಣದ ಸಣ್ಣ ಬಸ್ಸೊಂದು ನನ್ನ ಕಣ್ಣಿಗೆ ಬಿತ್ತು. ಬಡಿಗೇರರನ್ನೂ ವೆಲ್ಡಿಂಗಿನವರನ್ನೂ ಕರೆಸಿ, ಬೆಂಚುಗಳನ್ನು ಕೀಳಿಸಿ, ಮಂಚ ಹಾಕಿಸಿ, ಗ್ಯಾಸಿನ ಒಲೆ ಕೂರಿಸಿ, ಹೊಟ್ಟೆಯಡಿಗೆ ನೀರಿನ ಟಾಕಿ ಕಟ್ಟಿಸಿ, ಟಾಕಿಯಿಂದ ನಲ್ಲಿಗೆ ನೀರೆತ್ತಲು ಬ್ಯಾಟರಿಯಿಂದ ನಡೆಯುವ ಪಂಪೊಂದನ್ನು ಇಡಿಸಿದೆ. ಯಂತ್ರಜ್ಞಾನದಲ್ಲಿ ನಾನು ಪರಮ ಶೂನ್ಯ. ಬಾನೆಟ್ ಎತ್ತಿ ನಿಂತರೆ, 'ಈ ಕೆಮ್ಮು ಮುಂಜಾನೆ ಹೆಚ್ಚೋ, ಸಂಜೆ ಹೆಚ್ಚೋ? ಬಾಯಾರಿಕೆ ಉಂಟೋ?' ಎಂದು ಇಂಜಿನ್ನನ್ನು ವಿಚಾರಿಸುವ ಮನಸ್ಸಾಗುತ್ತದೆ. ಒಂದೆರಡು ಸಲ ವಿಚಾರಿಸಿಯೂ ಇದ್ದೇನೆ.

ನನ್ನ ಹೆಂಡತಿ ಸುಭದ್ರಾ ಈ ಎಲ್ಲ ಕಾರುಬಾರನ್ನು ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೌದೆಂದವನು ಅವಳ ತಮ್ಮ ವೀರಣ್ಣ, ಬಸವಕಲ್ಯಾಣದಲ್ಲಿ ಖಾನಾವಳಿ ಇಟ್ಟವನು. ಆದರೆ ಅವನ ಹೌದಿಗೆ ಕಾರಣವೇ ಬೇರೆ. ಈ ಗಾಡಿ ನನ್ನ ಕೈಯಲ್ಲಿ ಬಹಳ ದಿನ ಬಾಳುವುದಿಲ್ಲವೆಂದೂ, ಆಮೇಲೆ ತಾನು ಅದನ್ನು ಮಾಣಿಕನಗರದ ದಾರಿಯಲ್ಲಿ ನಿಲ್ಲಿಸಿ ಮಂಡಕ್ಕಿಯ ಸೂಸಲಾ, ಮಿರ್ಚಿಭಜಿ ಮಾರಬಹುದೆಂದೂ ಅವನು ಅಂದೇ ಲೆಕ್ಕ ಹಾಕಿದ್ದ. ಮುಚ್ಚುಮರೆಯಿಲ್ಲದ ಮನುಷ್ಯ. ಬಂದಾಗಲೆಲ್ಲ, "ಮಾಮಾ, ಭಾಳ ಖರ್ಚ ಮಾಡಬ್ಯಾಡ್ರಿ. ಕಡೀಕ ಕಡಾಯಿ ಇಡೂ ಗಾಡಿ ಅದ" ಎಂದು ನನ್ನ ಮುಖದ ಮೇಲೇ ಹೇಳಿ ಚಹಾ ಕುಡಿದು ಹೋಗುತ್ತಿದ್ದ.

ಬಸವಕಲ್ಯಾಣದ ಕಡೆಗೆ ಮೊದಲ ಸವಾರಿ ಹೊರಡುವ ಮುನ್ನಾದಿನ ಸುಭದ್ರಾ ಬಾಯಿ ಬಿಟ್ಟಳು. "ನೋಡ್ರಿ, ನಂದೊಂದ ಮಾತು. ನಾನು ನೀವು ಇಬ್ಬರ ಕೂತು, ಯಾರೂ ನಡುವ ಬರದಾಂಗ ಒಂದ ಕಪ್ಪ ಚಾ ಕುಡೀಬೇಕು. ನಾ ಕುಡುದು ಮುಗಿಸೂತನಕ ನನ್ನ ಯಾರೂ ಎಬ್ಬಿಸಬಾರದು. ಇಷ್ಟ ಆದ್ರ ಗಾಡಿ ಇರಲಿ. ಆಗಲಿಲ್ಲಂದ್ರ ವೀರಣ್ಣನ ಅಂಗಳದಾಗ ನಿಲ್ಲಿಸಿ ಬಸ್ಸ ಹಿಡದು ಮನಿಗಿ ಬರೂಣು."

ಇಷ್ಟೇನಾ ಎಂದು ನಾನು ನಕ್ಕೆ. ನಕ್ಕಿದ್ದು ಅವಸರವಾಯಿತು. ನಮ್ಮ ಕಡೆ ಮನೆಯ ಹೊಸ್ತಿಲು ದಾಟಿದವನನ್ನು ಚಹಾ ಕುಡಿಸದೆ ಕಳಿಸುವುದೆಂದರೆ ಅವನನ್ನು ಬೈದು ಕಳಿಸಿದಂತೆಯೇ. ಅದರಲ್ಲೂ ನಮ್ಮದು ದವಾಖಾನೆಯ ಮನೆ. ಕೊಡಂಬಲದಿಂದ ಮಂಡಿನೋವಿನವರು ಬಂದರೆ ಅವರಿಗೆ, ಅವರನ್ನು ಕರೆತಂದ ಅಳಿಯನಿಗೆ, ದಾರಿಯಲ್ಲಿ ಸಿಕ್ಕನೆಂದು ಜೊತೆಗೆ ಬಂದವನಿಗೆ, ನಾನು ಕುರ್ಚಿಯಿಂದ ಏಳದೆ ಒಳಗಿನ ಕಡೆ ಮುಖ ತಿರುಗಿಸಿ "ಚಾ ಬರಲಿ" ಎನ್ನುತ್ತಿದ್ದೆ, ಚಹಾ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ವಿಚಾರಿಸುವಷ್ಟು ಸೂಕ್ಷ್ಮ ಲಕ್ಷಣಗಳು ನನ್ನ ವೈದ್ಯಶಾಸ್ತ್ರದಲ್ಲಿರಲಿಲ್ಲ.

ಹೊರಡುವ ಮುಂಜಾನೆ ಒಂದು ಧರ್ಮಸೂಕ್ಷ್ಮ ಎದ್ದಿತು. ಇದು ವಾಹನವೋ, ಮನೆಯೋ? ವಾಹನವೆಂದರೆ ಚಕ್ರದಡಿ ನಿಂಬೆಹಣ್ಣು, ಮನೆಯೆಂದರೆ ಹಾಲು ಉಕ್ಕಿಸುವುದು. ಓಣಿಯ ಹಿರಿಯರೆಲ್ಲ ಗಾಡಿಯ ಸುತ್ತ ಪ್ರದಕ್ಷಿಣೆ ಬಂದು, ಬಾಗಿಲು ಈಗ ಪೂರ್ವಕ್ಕಿದೆ ಸರಿ, ತಿರುವಿನಲ್ಲಿ ದಕ್ಷಿಣಕ್ಕೆ ಹೊರಳಿದರೆ ವಾಸ್ತುವಿನ ಗತಿಯೇನೆಂದು ಚಿಂತಿಸಿ, ಕೊನೆಗೆ ಎರಡನ್ನೂ ಮಾಡಿಬಿಡಿ ಎಂದು ತೀರ್ಪಿತ್ತರು. ನಿಂಬೆಹಣ್ಣು ಚಪ್ಪಟೆಯಾಯಿತು. ಒಲೆಯ ಮೇಲೆ ತುಂಬಿದ ಪಾತ್ರೆಯ ಹಾಲು ಉಕ್ಕಿತು, ಅದೂ ಎಂಥ ಉಕ್ಕು! ಹೆಂಗಸರು ಹರ್ಷೋದ್ಗಾರ ಮಾಡಿದರು. ಗಾಡಿ ತುಸು ವಾಲಿಕೊಂಡು ನಿಂತಿದ್ದರಿಂದ ಹಾಲೆಲ್ಲ ಒಲೆಯ ಹಿಂದಕ್ಕೆ ಹರಿದು ಮಾಯವಾಯಿತು. ಒರೆಸುವ ಕೆಲಸವೇ ಉಳಿಯಲಿಲ್ಲವಲ್ಲ, ಎಷ್ಟು ಶುಭ ಎಂದು ನಾನು ಹಿಗ್ಗಿದೆ.

ದಾರಿಯ ರಾಜೇಶ್ವರ ಊರು ದಾಟುವಷ್ಟರಲ್ಲಿ ಗಾಡಿಯೊಳಗಿನ ಫ್ಯಾನು ನಿಂತಿತು. ಬಸವಕಲ್ಯಾಣ ಮುಟ್ಟಿ ಕೈ ತೊಳೆಯಲು ಹೋದರೆ ನಲ್ಲಿ ಒಣಗಿತ್ತು. ಟಾಕಿಯ ತುಂಬ ನೀರಿದೆ, ಪಂಪಿಗೆ ಮಾತ್ರ ಜೀವವಿಲ್ಲ. ಹಗ್ಗ ಹಾಕಿ ಸೇದೋಣವೆಂದರೆ ಟಾಕಿಯ ಬಾಯಿ ಅಂಗೈಯಗಲ. ನಿಂತ ಮನೆಯಲ್ಲಿ ನೀರು ನಿಂತರೆ ಪಕ್ಕದ ಮನೆಗೆ ಕೊಡ ಕಳಿಸಬಹುದು, ಚಕ್ರದ ಮನೆಗೆ ಪಕ್ಕದ ಮನೆ ಯಾವುದು?

ಒಬ್ಬ ಮೆಕ್ಯಾನಿಕ್ಕನ ಹತ್ತಿರ ನಿಲ್ಲಿಸಿದೆ. ಆತ ಇಂಜಿನ್ ಶುರು ಮಾಡಿ, ಕಣ್ಣು ಮುಚ್ಚಿ ಅದರ ಧ್ವನಿಯನ್ನು ಆಸ್ವಾದಿಸಿ, "ಡಾಕ್ಟರ್ ಸಾಬ್, ಇಂಜಿನ್ ಏಕದಂ ಚೊಕ್ಕ ಅದ. ಇದು ಗಾಡೀದು ಖರಾಬಿ ಅಲ್ರಿ, ಮನೀದು. ಮನಿ ಕರೆಂಟ್ ನೋಡೋವ್ರಿಗಿ ತೋರಸ್ರಿ" ಎಂದ. ಮನೆಯ ಕರೆಂಟು ನೋಡುವಾತ ಒಳಗೆ ಇಣುಕಿ, ಮೀಟರ್ ಎಲ್ಲಿದೆ ಎಂದು ಕೇಳಿ, ಇಲ್ಲವೆಂದು ತಿಳಿದು ಬೇಸರಪಟ್ಟು, "ಇದು ಬ್ಯಾಟರೀದು ಕೆಲಸ. ಮನೀದಲ್ರಿ, ಗಾಡೀದು" ಎಂದು ಮರಳಿ ಮೆಕ್ಯಾನಿಕ್ಕನಿಗೇ ಒಪ್ಪಿಸಿದ. ಮೂರನೆಯವನಾಗಿ ಬಂದ ನಲ್ಲಿಯವನು ನಲ್ಲಿಯನ್ನು ತಿರುಗಿಸಿ ನೋಡಿ, "ನಲ್ಲಿ ಚಲೋ ಅದರಿ, ನೀರ ಬರವಲ್ದು ಅಷ್ಟ" ಎಂದು ಪ್ರಮಾಣಪತ್ರ ಕೊಟ್ಟ. ಕಡೆಗೆ ಮೆಕ್ಯಾನಿಕ್ಕನೇ ಕನಿಕರಪಟ್ಟು ಬ್ಯಾಟರಿಯ ಪಕ್ಕದಲ್ಲಿದ್ದ ಸುಟ್ಟ ಫ್ಯೂಸ್ ಕಿತ್ತು ಹೊಸದು ಹಾಕಿದ. ಅದು 'ಟಪ್' ಎಂದಿತು. ಇನ್ನೊಂದು ಹಾಕಿದ, ಅದೂ ಟಪ್. ಆಮೇಲೆ ಒಂದು ಹಿಡಿ ಫ್ಯೂಸುಗಳನ್ನು ಪ್ರಸಾದದಂತೆ ನನ್ನ ಅಂಗೈಗೆ ಸುರಿದು, "ಹಾಕ್ಕೋತ ಇರ್ರಿ, ಯಾವುದರ ಒಂದು ನಿಂದರತದ" ಎಂದು ಹರಸಿ ಕಳಿಸಿದ. ಎಷ್ಟಾದರೂ ನಾನೂ ಗುಳಿಗೆಗಳನ್ನು ಹೀಗೆಯೇ ಕೊಟ್ಟವನು, ಎದುರಾಡಲಿಲ್ಲ.

ನಾರಾಯಣಪುರಕ್ಕೆ ಹೋಗಿ ಹಳೆಯ ಶಿವಾಲಯದ ಆಚೆ ಒಂದು ಬಯಲಿನಲ್ಲಿ ಗಾಡಿ ನಿಲ್ಲಿಸಿದೆವು. ಗುಡಿಯ ಕಲ್ಲಿನ ಗೋಡೆಯಲ್ಲಿ ಯಾವ ರಿಪೇರಿಯ ತಂಟೆಯೂ ಇಲ್ಲದೆ ನಿಂತಿದ್ದ ಸುಂದರಿಯರನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹಳದಿ ಬಸ್ಸು ಕಂಡ ಕೂಡಲೇ ಹುಡುಗರು, ಹುಡುಗರ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಸಾವಕಾಶವಾಗಿ ಗಂಡಸರು ಬಂದರು. ಒಳಗೆ ಮಂಚ, ಒಲೆ ನೋಡಿ ಬೆರಗಾದರು, ನೀರಿಲ್ಲವೆಂದು ತಿಳಿದು ಹೌಹಾರಿದರು. "ಅಯ್ಯ ಯಕ್ಕಾ, ನೀರಿಲ್ದ ಹ್ಯಾಂಗ ಕೂತೀರಿ! ನಾವೇನ್ ಸತ್ತೀವೇನು?" ಎಂದು ಒಬ್ಬಾಕೆ ಗದರಿದಳು. ಕೊಡ ಬಂತು, ಜೋಳದ ರೊಟ್ಟಿ ಬಂತು, ಪುಂಡಿಪಲ್ಯ ಬಂತು, ಕಿಟ್ಲಿಯಲ್ಲಿ ಚಹಾ ಬಂತು. ಮಂಚದ ಮೇಲೆ, ಮೆಟ್ಟಿಲ ಮೇಲೆ, ಡ್ರೈವರ್ ಸೀಟಿನ ಮೇಲೆ ಜನ ಕೂತರು. ನನಗಂತೂ ಪರಮಾನಂದ. ನಾಲಗೆ ತೋರಿಸಿದವರಿಗೆ ಗುಳಿಗೆ ಕೊಟ್ಟೆ, ತೋರಿಸದವರಿಗೆ ತೋರಿಸಲು ಹೇಳಿದೆ. ಈ ಗದ್ದಲದ ನಡುವೆ ಸುಭದ್ರಾ ಎಲ್ಲಿ ಎಂದು ನೋಡಿದರೆ, ತಾನೇ ಅತಿಥಿಯಾದಲ್ಲೂ ಎಲ್ಲರಿಗೂ ಚಹಾ ಬಸಿದುಕೊಡುತ್ತ ನಿಂತೇ ಇದ್ದಳು.

ಸಾಲದ್ದಕ್ಕೆ ಸಂಜೆಗೆ ವೀರಣ್ಣ ಮೋಟಾರ್ ಸೈಕಲ್ಲಿನಲ್ಲಿ ಬಂದ. ಅಕ್ಕನ ಕ್ಷೇಮ ವಿಚಾರಿಸುವ ಮೊದಲೇ ಜೇಬಿನಿಂದ ಟೇಪು ತೆಗೆದು ಒಲೆಯ ಕಟ್ಟೆಯನ್ನು ಅಳೆದ. "ಕಡಾಯಿ ಬರೋಬ್ಬರಿ ಕೂಡ್ತದ" ಎಂದು ಸಂತೋಷಪಟ್ಟು, "ನಾಳಿ ಹಾದಿ ನೋಡ್ತೀನಿ ಯಕ್ಕಾ" ಎಂದು ಹೋದ. ಸುಭದ್ರಾ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಮುಂಜಾನೆ ಗಾಡಿಯ ತುಂಬ ಒಂದು ಹುಳಿವಾಸನೆ. ನಾನು ಚರಂಡಿಯ ಕೊಳವೆಯನ್ನು ಶಂಕಿಸಿ, ಬೋರಲು ಮಲಗಿ, ಗಾಡಿಯಡಿ ತೆವಳಿ, ಮಣ್ಣಾದ ಧೋತರದೊಂದಿಗೆ ನಿರ್ಣಯವಿಲ್ಲದೆ ಹೊರಬಂದೆ. ಸುಭದ್ರಾ ಮೂಗನ್ನು ಮುಂದೆ ಮಾಡಿಕೊಂಡು ಒಳಗೇ ಎರಡು ಹೆಜ್ಜೆ ನಡೆದು ಒಲೆಯ ಮುಂದೆ ನಿಂತಳು. "ಇದು ಚರಂಡಿ ಅಲ್ರಿ. ಹಾಲು ಒಡದದ." ಒಲೆಯನ್ನು ಈಚೆಗೆ ಎಳೆದೆವು. ಅದರ ಹಿಂದೆ, ತಗ್ಗಿನಲ್ಲಿ, ಪಂಪು ಫ್ಯಾನುಗಳ ತಂತಿಗಳೆಲ್ಲ ಕೂಡಲೆಂದು ಬಡಿಗೇರರು ಅಂದವಾಗಿ ಮಾಡಿಟ್ಟಿದ್ದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ನಮ್ಮ ಗೃಹಪ್ರವೇಶದ ಸಮಸ್ತ ಮಂಗಳ! ತಂತಿಗಳ ಮೇಲೆ ಕೆನೆ, ಕೆನೆಯ ಮೇಲೆ ಇರುವೆ. ನಾವು ಹಾಲು ಉಕ್ಕಿಸಿದ್ದು ಮನೆಗೆ, ಕುಡಿದದ್ದು ಗಾಡಿ. ಮೆಕ್ಯಾನಿಕ್ಕನೂ ಕರೆಂಟಿನವನೂ ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿತ್ತು.

ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಒದ್ದೆ ಅರಿವೆಯಿಂದ ಒರೆಸಿ, ಒಣ ಅರಿವೆಯಿಂದ ಒರೆಸಿ, ಬಾಗಿಲು ತೆರೆದು ಬಿಸಿಲಿಗೆ ಬಿಟ್ಟೆವು. ಎಲ್ಲ ಗರಿಗರಿ ಒಣಗಿದ ಮೇಲೆ ಪ್ರಸಾದದ ಫ್ಯೂಸೊಂದನ್ನು ಒತ್ತಿದೆ. ಟಪ್ ಎನ್ನಲಿಲ್ಲ. ಪಂಪು ಗುರ್ರೆಂದಿತು, ನಲ್ಲಿ ಎರಡು ಸಲ ಉಗುಳಿ ನೀರು ಬಿಟ್ಟಿತು. ಅಷ್ಟರಲ್ಲಿ ದೂರದಲ್ಲಿ ಕಿಟ್ಲಿ ಹಿಡಿದು ಯಾರೋ ಬರುತ್ತಿರುವುದು ಕಾಣಿಸಿತು. ಅವರು ಎಷ್ಟು ಒಳ್ಳೆಯವರೆಂಬುದು ನನಗೆ ಗೊತ್ತು. ಆದರೂ ಕೈಬೀಸಿ, ಹಾರ್ನ್ ಹೊಡೆದು, ಗಾಡಿ ಬಿಟ್ಟೇಬಿಟ್ಟೆ. ಓಡಿಹೋಗಬಲ್ಲ ಮನೆಯ ಪ್ರಯೋಜನ ನನಗೆ ತಿಳಿದದ್ದು ಆಗ.

ಊರಾಚೆ, ತೊಗರಿ ಹೊಲದ ಬದಿಯಲ್ಲಿ, ಒಂದು ಬೇವಿನ ಮರದಡಿ ನಿಲ್ಲಿಸಿದೆ. ಸುಭದ್ರಾ ಎರಡೇ ಕಪ್ಪಿನ ಚಹಾ ಇಟ್ಟಳು. ಸಣ್ಣ ಪಾತ್ರೆಗೆ ಎಷ್ಟು ಪುಡಿ ಹಾಕಬೇಕೆಂಬುದೇ ಅವಳಿಗೆ ಮರೆತಂತಿತ್ತು, ಡಬ್ಬಿ ಹಿಡಿದು ಕ್ಷಣಹೊತ್ತು ಯೋಚಿಸಿದಳು. ಬಸಿದು, ನನ್ನೆದುರು ಕೂತು, ಒಂದು ಗುಟುಕು ಕುಡಿದು, ನಾಲಗೆ ಸುಟ್ಟುಕೊಂಡಳು.

"ಏನಾಯ್ತ?" ಎಂದೆ.

"ಏನಿಲ್ಲ. ಚಾ ಇಷ್ಟ ಬಿಸಿ ಇರ್ತದಂತ ಮರತೇ ಬಿಟ್ಟಿದ್ನಿರಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಬಂದವರಿಗೆಲ್ಲ ಕೊಟ್ಟು, ಮರಳಿ ಒಲೆಯ ಹತ್ತಿರ ಹೋಗುವಷ್ಟರಲ್ಲಿ ಆರಿಹೋದದ್ದನ್ನು ನಿಂತು ಒಂದೇ ಉಸಿರಿಗೆ ಕುಡಿಯುವುದನ್ನೇ ಅವಳು ಇಷ್ಟು ವರ್ಷ ಚಹಾ ಎನ್ನುತ್ತಿದ್ದಳು. ಊರಿನ ನಾಲಗೆಗಳನ್ನೆಲ್ಲ ನೋಡಿದ ನಾನು ಈ ಒಂದು ನಾಲಗೆಯನ್ನು ನೋಡಿರಲಿಲ್ಲ.

ಆಗ ಬಾಗಿಲು ತಟ್ಟಿದ ಸದ್ದು. "ಬಸ್ಸ ಕಲ್ಯಾಣಕ್ಕ ಹೋಗ್ತದೇನ್ರಿ?" ಕಿಟಕಿಯಲ್ಲಿ ನೋಡಿದರೆ, ರುಮಾಲು ಸುತ್ತಿದ ಒಬ್ಬ ಮುದುಕ, ಹೆಗಲಿಗೊಂದು ಚೀಲ. ಗಾಡಿಯ ಹಳದಿ ಬಣ್ಣ ಅವನನ್ನು ಕರೆದಿತ್ತು. "ಬರ್ರಿ, ಒಳಗ ಬರ್ರಿ, ಚಾ..." ಎಂಬ ಮಾತು ಅಭ್ಯಾಸಬಲದಿಂದ ನನ್ನ ಗಂಟಲವರೆಗೆ ಬಂದೇ ಬಂತು. ಸುಭದ್ರಾ ಆಗಲೇ ಕಪ್ಪನ್ನು ಕೆಳಗಿಟ್ಟು, ಮಂಡಿಗೆ ಕೈಯೂರಿ ಏಳತೊಡಗಿದ್ದಳು. ಕಪ್ಪು ಇನ್ನೂ ಮುಕ್ಕಾಲು ತುಂಬಿತ್ತು.

"ನೀ ಕೂಡು" ಎಂದೆ. ನನ್ನ ಕಪ್ಪನ್ನು ಹಿಡಿದು ಹೊರಗಿಳಿದು, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡೆ. ಮುದುಕನನ್ನು ಮರದಡಿ ಕೂರಿಸಿ ಕಪ್ಪನ್ನು ಅವನ ಕೈಗಿಟ್ಟೆ. "ಹೋಗ್ತದ ಯಜಮಾನ್ರ, ನಿಮ್ಮನ್ನೂ ಕರಕೊಂಡ ಹೋಗ್ತದ. ಜರಾ ತಡ ಅದ."

ಅವನು ಚಹಾ ಊದುತ್ತ, ಬಸ್ಸು ಕೆಟ್ಟಿದೆಯೇ ಎಂದು ಕೇಳಿದ. ಇಲ್ಲ, ಈಗ ಸರಿಯಾಗಿದೆ ಎಂದೆ. ಅಷ್ಟರಲ್ಲಿ ಒಳಗೆ ಫೋನು ರಿಂಗಣಿಸಿತು. ಹಾದಿ ನೋಡಿ ಸಾಕಾದ ವೀರಣ್ಣನೇ ಇರಬೇಕು. ಕಿಟಕಿಯಿಂದ ಸುಭದ್ರಾಳ ಧ್ವನಿ ಕೇಳಿಸಿತು.

"ಇಲ್ಲಪಾ, ಗಾಡಿ ಕೊಡೂದಿಲ್ಲ. ಯಾಕಂತ ಆಮ್ಯಾಲ ಹೇಳ್ತೀನಿ. ಈಗ ಫೋನ್ ಇಡು, ಚಾ ಆರತದ."