ಪಿಚರ್ ಕಾರ್ಡಿನಲ್ಲಿ ವಿಲ್ಮಾ ಅಜ್ಜಿ

ಬಿಸಿಲು ಇನ್ನೂ ಗ್ಯಾಲರಿಯ ತಗಡಿನ ಮೇಲೆ ಬಿದ್ದಿಲ್ಲ. ಮಿಲ್‌ಹ್ಯಾವನ್ ಮೈದಾನದ ನಡುವೆ, ಪಿಚರ್ ನಿಂತು ಚೆಂಡೆಸೆಯುವ ದಿಬ್ಬದ ಮೇಲೆ, ಹೆಂಗಸೊಬ್ಬರು ಮಂಡಿಯೂರಿ ಜೇಡಿಮಣ್ಣು ಮೆತ್ತುತ್ತಿದ್ದಾರೆ. ನಿನ್ನೆ ಶನಿವಾರ ರಾತ್ರಿಯ ಪಂದ್ಯದಲ್ಲಿ ಬೂಟಿನ ಮೊಳೆಗಳು ಕಿತ್ತ ಗುಂಡಿಗಳು ಅಲ್ಲಿವೆ. ಮಣ್ಣು ಒತ್ತುತ್ತಾರೆ, ನೀರು ಚಿಮುಕಿಸುತ್ತಾರೆ, ಮತ್ತೆ ಕುಟ್ಟುತ್ತಾರೆ. ಕೈಗೆ ಬಿಡುವಿಲ್ಲ, ಬಾಯಿಗಂತೂ ಮೊದಲೇ ಇಲ್ಲ.

"ಮೊನ್ನೆ ಟೀವೀಲಿ ಒಂದು ಬೇಸ್‌ಬಾಲ್ ಸಿನಿಮಾ ಬಂತು ನೋಡಿ," ಎನ್ನುತ್ತಾರೆ. "ಹೀರೋ ಕೊನೇ ಚೆಂಡು ಎಸೀತಾನೆ, ನನ್ ತಂಗಿ ಗೊಳೋ ಅಂತ ಅಳ್ತಾಳೆ. ನಂಗೂ ಅಳು ಬಂತು. ಯಾಕ್ ಗೊತ್ತಾ? ಆ ದಿಬ್ಬಕ್ಕೆ ಇಳಿಜಾರೇ ಇಲ್ಲ! ಊಟದ ಮೇಜಿನ ಥರ ಚಪ್ಪಟೆ. ಅದರ ಮೇಲೆ ನಿಂತು ಜಗತ್ತೇ ಗೆಲ್ತಾನಂತೆ. ಹೀರೋಗೆ ಅಷ್ಟು ದುಡ್ಡು ಕೊಡ್ತಾರೆ, ಒಂದು ತಳ್ಳುಗಾಡಿ ಮಣ್ಣು ಹಾಕಿಸೋಕೆ ಏನಾಗಿತ್ತು ಅವ್ರಿಗೆ?"

ಇವರು ವಿಲ್ಮಾ ಹುಡಾಕ್. ವಯಸ್ಸು ಅರವತ್ತೆರಡು. ನಮ್ಮೂರ ಹೆರಾನ್ಸ್ ತಂಡದ, ಅಂದರೆ ನಮ್ಮ ಬಾಯಲ್ಲಿ ಕೊಕ್ಕರೆಗಳ, ಮೈದಾನ ನೋಡಿಕೊಳ್ಳುವವರು. ಗೆದ್ದರೆ ಆಟಗಾರನಿಗೆ ಚಪ್ಪಾಳೆ, ಸೋತರೆ ಕೋಚ್‌ಗೆ ಬೈಗುಳ. ಹುಲ್ಲು ಮಣ್ಣಿನ ಸುದ್ದಿ ಯಾರೂ ಎತ್ತುವುದಿಲ್ಲ. ಹೀಗೆ ಎಷ್ಟೋ ಬೇಸಿಗೆ ಯಾರ ಕಣ್ಣಿಗೂ ಬೀಳದೆ ಇದ್ದ ವಿಲ್ಮಾ ಈ ಜೂನ್‌ನಲ್ಲಿ ಏಕಾಏಕಿ ಇಪ್ಪತ್ತೊಂದರ ಹರೆಯದ ಎಡಗೈ ಪಿಚರ್ ಆಗಿಬಿಟ್ಟರು. ಊರಿಗೆ ಊರೇ ಕುಣಿಯಿತು. ಊರ ಪತ್ರಿಕೆಗೆ ಬರೆಯುವ ನಾನೂ ಕುಣಿದೆ, ಸುಳ್ಳೇಕೆ ಹೇಳಲಿ.

ಅದಕ್ಕೆ ಮೊದಲು ಅವರ ಹಿಂದಿನ ಕಥೆ ಸ್ವಲ್ಪ. ವಿಲ್ಮಾ ಇಲ್ಲಿನ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು. ಕಾರ್ಖಾನೆ ಮುಚ್ಚಿದ ವರ್ಷವೇ ಗಂಡ ತೀರಿಕೊಂಡರು. ಮೈದಾನದಲ್ಲಿ ಹುಲ್ಲು ಕತ್ತರಿಸಲು ಒಂದು ಬೇಸಿಗೆಯ ಮಟ್ಟಿಗೆ ಆಳು ಬೇಕೆಂದಾಗ ಹೋಗಿ ನಿಂತರು, ಇವತ್ತಿಗೂ ಅಲ್ಲೇ ಇದ್ದಾರೆ. ಚಳಿಗಾಲದಲ್ಲಿ ಪಂದ್ಯವಿಲ್ಲ, ಸಂಬಳವೂ ಇಲ್ಲ. ಆಗ ನಗರಸಭೆಯ ಲಾರಿ ಓಡಿಸಿ ರಸ್ತೆಯ ಹಿಮ ತಳ್ಳುತ್ತಾರೆ. ಎರಡೂ ಮಂಡಿ ಕೈಕೊಟ್ಟಿವೆ. "ಕೂತ್ಕೊಳ್ಳೋಕೆ ತೊಂದ್ರೆ ಇಲ್ಲ, ಏಳೋಕೆ ಮಾತ್ರ ಓರಿನ್‌ನ ಕೂಗ್ಬೇಕು," ಎಂದು ನಗುತ್ತಾರೆ.

ಓರಿನ್ ಬ್ಯಾಕ್‌ಸ್ಟರ್ ಅವರ ಜೊತೆ ಕೆಲಸಗಾರ, ಪರಮ ಮಿತ್ರ, ರಾಜಕೀಯದಲ್ಲಿ ಬದ್ಧ ವೈರಿ. ಈ ದೇಶದ ಎರಡು ದೊಡ್ಡ ಪಕ್ಷಗಳಲ್ಲಿ ಆತ ಆನೆ ಗುರುತಿನ ಪಕ್ಷ, ಈಕೆ ಕತ್ತೆ ಗುರುತಿನ ಪಕ್ಷ. ಸಾಮಾನಿನ ಶೆಡ್ಡಿನೊಳಗೆ ಚಹಾ ಕಾಫಿಗಿಂತ ಜಗಳವೇ ಬಿಸಿ. ತೆರಿಗೆ, ಆಸ್ಪತ್ರೆ, ಗಡಿ, ಯಾವ ವಿಷಯ ಎತ್ತಿದರೂ ಇಬ್ಬರೂ ಹಾವು ಮುಂಗುಸಿ. ಚುನಾವಣೆಯ ದಿನ ಮಾತ್ರ ಇಬ್ಬರೂ ಒಂದೇ ಮತಗಟ್ಟೆಯಲ್ಲಿ ಪಕ್ಕಪಕ್ಕದಲ್ಲೇ ಕೂತು ಮತದಾರರ ಹೆಸರು ನೋಡುತ್ತಾರೆ, ಒಂದೇ ಡಬ್ಬಿಯಿಂದ ಪಿರೋಗಿ ಎಂಬ ಆಲೂಗಡ್ಡೆ ಕಡುಬು ತಿನ್ನುತ್ತಾರೆ. ಪಿಚರ್ ಆದವನೂ ಬ್ಯಾಟು ಹಿಡಿಯಲೇಬೇಕು, ಅವನ ಬದಲು ಇನ್ನೊಬ್ಬನನ್ನು ಕಳಿಸಬಾರದು ಎಂಬ ಒಂದು ವಿಷಯದಲ್ಲಿ ಆನೆಗೂ ಕತ್ತೆಗೂ ಒಮ್ಮತವಿದೆ.

ಇನ್ನು ಅವರ ಬೇಸ್‌ಬಾಲ್ ಕಾರ್ಡು ಸಂಗ್ರಹದ ಹುಚ್ಚು. ಆಟಗಾರನ ಚಿತ್ರ ಮುಂದೆ, ಊರು, ಎತ್ತರ, ಆಟದ ಲೆಕ್ಕ ಹಿಂದೆ. ಅಂಗೈಯಗಲದ ಈ ರಟ್ಟಿಗಾಗಿ ವಿಲ್ಮಾ ಹುಡುಗಿಯಾಗಿದ್ದಾಗ ಮಧ್ಯಾಹ್ನದ ಊಟ ಬಿಟ್ಟದ್ದುಂಟು. ಮನೆಯ ಮಂಚದ ಕೆಳಗೆಲ್ಲ ಬೂಟಿನ ಪೆಟ್ಟಿಗೆಗಳು, ಪೆಟ್ಟಿಗೆ ತುಂಬ ಕಾರ್ಡುಗಳು. ಈ ಲೋಕದಲ್ಲಿ ನ್ಯಾಯವೇ ತಲೆಕೆಳಗು. ಸರಿಯಾಗಿ ಅಚ್ಚಾದ ಕಾರ್ಡಿಗಿಂತ ತಪ್ಪಾಗಿ ಅಚ್ಚಾದದ್ದಕ್ಕೇ ಬೆಲೆ. ಒಬ್ಬನ ಹೆಸರಿಗೆ ಇನ್ನೊಬ್ಬನ ಮುಖ ಬಿದ್ದಿತೋ, ಸಂಗ್ರಹಕಾರರು ಮುಗಿಬೀಳುತ್ತಾರೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಕೊಕ್ಕರೆಗಳ ಈ ವರ್ಷದ ಕಾರ್ಡುಗಳಿಗೆ ಫೋಟೊ ತೆಗೆಯಲು ಬಂದವನು, ಆಟಗಾರರು ಬರುವ ಮೊದಲು ಬೆಳಕು ಪರೀಕ್ಷಿಸಬೇಕೆಂದು ದಿಬ್ಬದ ಮೇಲಿದ್ದ ವಿಲ್ಮಾರನ್ನು "ಒಂದ್ನಿಮಿಷ ಹಂಗೇ ನಿಂತ್ಕೊಳ್ಳಿ" ಎಂದನಂತೆ. ಚಳಿಗೆ ತಂಡದ ಜಾಕೆಟ್ಟು, ಟೋಪಿ ಹಾಕಿದ್ದರು. ಸುಮ್ಮನೆ ನಿಲ್ಲುವ ಜೀವವೇ ಅದು? ಮಂಡಿನೋವನ್ನೂ ಲೆಕ್ಕಿಸದೆ ಒಂದು ಕಾಲೆತ್ತಿ, ಕಣ್ಣು ಕಿರಿದು ಮಾಡಿ, ಥೇಟ್ ಪಿಚರಿನ ಭಂಗಿ ಕೊಟ್ಟರು. ಅದೇ ದಿನ ಡೊಮಿನಿಕನ್ ಗಣರಾಜ್ಯದಿಂದ ಬರಬೇಕಿದ್ದ ಹೊಸ ಪಿಚರ್ ಯೆರ್ಸನ್ ಪಿಮೆಂಟೆಲ್‌ನ ವಿಮಾನ ತಡವಾಯಿತು. ಅವನ ಫೋಟೊ ತೆಗೆಯಲೇ ಇಲ್ಲ. ಕೊನೆಗೆ ಉಳಿದ ಒಂದು ಹೆಸರಿಗೆ ಉಳಿದ ಒಂದು ಚಿತ್ರವನ್ನು ಯಾರೋ ಜೋಡಿಸಿದರು, ಇನ್ಯಾರೋ ನೋಡದೆ ಸರಿ ಎಂದರು.

ಜೂನ್‌ನಲ್ಲಿ ಮೈದಾನದ ಬಾಗಿಲಲ್ಲಿ ಹಂಚಿದ ಕಾರ್ಡಿನ ಕಟ್ಟನ್ನು ಶೆಡ್ಡಿನಲ್ಲಿ ಮೊದಲು ಬಿಚ್ಚಿದವರು ಓರಿನ್. "ಏ ವಿಲ್ಮಾ, ಬಾರೇ ಇಲ್ಲಿ," ಎಂದು ಕೂಗಿ ಗಟ್ಟಿಯಾಗಿ ಓದಿದರಂತೆ. "ನಿಂಗೆ ಇಪ್ಪತ್ತೊಂದು ವರ್ಷ ಕಣೇ! ಎತ್ತರ ಆರಡಿ ಮೂರಿಂಚು. ಎಡಗೈ. ಇಷ್ಟು ವರ್ಷ ಬಲಗೈಯಲ್ಲಿ ಕುಂಟೆ ಎಳ್ದು ನಮ್ಗೆಲ್ಲ ಮೋಸ ಮಾಡಿದೀಯ."

"ಕಣ್ಣು ಉಜ್ಕೊಂಡು ಎರಡು ಸಲ ನೋಡ್ದೆ," ಎನ್ನುತ್ತಾರೆ ವಿಲ್ಮಾ. "ಜೀವಮಾನ ಎಲ್ಲಾ ಬೇರೆಯವ್ರ ಮುಖ ಜೋಡಿಸಿಟ್ಟವಳು ನಾನು. ನನ್ ಮುಖಾನೇ ಕಾರ್ಡ್ ಮೇಲೆ! ಅದೂ ತಪ್ ಕಾರ್ಡು! ರಾತ್ರಿ ಊಟ ಸೇರ್ಲಿಲ್ಲ ಸ್ವಾಮಿ."

ಮರುದಿನದಿಂದ ಕ್ಲಬ್ಬಿನ ದೂರವಾಣಿ ಬಿಡುವಿಲ್ಲದೆ ಹೊಡೆದುಕೊಂಡಿತು. ಬೇರೆ ರಾಜ್ಯಗಳಿಂದ ಸಂಗ್ರಹಕಾರರು ಕಾರು ಹತ್ತಿ ಬಂದರು. ಕ್ಷೌರದಂಗಡಿಯ ಕನ್ನಡಿಗೆ, ಬಾರಿನ ಗೋಡೆಗೆ, ಚರ್ಚಿನ ಫಲಕಕ್ಕೆ ವಿಲ್ಮಾ ಪಿಚರ್ ಅಂಟಿಕೊಂಡರು. ಕ್ಲಬ್ಬಿನ ಮ್ಯಾನೇಜರ್ ಟಾಡ್ ಕೆಸ್ಲರ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ಶನಿವಾರವೇ 'ವಿಲ್ಮಾ ಸಂಜೆ', ಅವರು ಕೂತು ಕಾರ್ಡುಗಳಿಗೆ ಸಹಿ ಹಾಕುತ್ತಾರೆ ಎಂದು ಊರಿಗೆಲ್ಲ ಸಾರಿಬಿಟ್ಟ.

ಆದರೆ ಆ ಕಾರ್ಡು ಯೆರ್ಸನ್‌ನದಲ್ಲವೇ? ಅವನೂ ಎಲ್ಲರ ಜೊತೆ ನಕ್ಕ, ವಿಲ್ಮಾರ ಭುಜ ತಟ್ಟಿದ. ವಿಲ್ಮಾ ಮಾತ್ರ ಇನ್ನೊಂದನ್ನೂ ನೋಡಿದರು. "ನಕ್ಕ, ಆಮೇಲೆ ಮೂಲೇಲಿ ಕೂತು ಇಡೀ ಕಟ್ಟನ್ನ ಮತ್ತೆ ಒಂದೊಂದೇ ಬಿಡಿಸ್ದ. ಎರಡು ಕಾರ್ಡ್ ಒಂದಕ್ಕೊಂದು ಅಂಟ್ಕೊಂಡಿರ್ಬೋದು, ಒಳಗೆ ತನ್ನದಿರ್ಬೋದು ಅಂತ. ಅವರಮ್ಮಂಗೆ ಆಗ್ಲೇ ಹೇಳಿದ್ನಂತೆ, ನನ್ ಕಾರ್ಡ್ ಬರುತ್ತೆ ಅಂತ."

ಇಲ್ಲಿ ಕಾಲ ಕಾಯುವುದಿಲ್ಲ. ಯೆರ್ಸನ್ ಸತತ ಮೂರು ಪಂದ್ಯಗಳಲ್ಲಿ ಎದುರಾಳಿಗಳ ಬ್ಯಾಟಿನಿಂದ ಚೆನ್ನಾಗಿ ಹೊಡೆಸಿಕೊಂಡಿದ್ದ. ನಮ್ಮಂಥ ಸಣ್ಣ ಊರಿನ ತಂಡದಲ್ಲಿ ಅಂಥ ಹುಡುಗನನ್ನು ಒಂದು ದಿನ ಕಚೇರಿಗೆ ಕರೆದು, ಕೈಕುಲುಕಿ, ಮನೆಗೆ ಕಳಿಸುತ್ತಾರೆ. ಶನಿವಾರದ್ದೇ ಕೊನೆಯ ಅವಕಾಶ ಎಂದು ಕೋಚ್ ಹೇಳಿಯಾಗಿತ್ತು. ಹೋದವನ ಕಾರ್ಡನ್ನು ಯಾರೂ ಅಚ್ಚು ಹಾಕುವುದಿಲ್ಲ. ಎಷ್ಟೋ ಹುಡುಗರಿಗೆ ಬದುಕಿನಲ್ಲಿ ಸಿಗುವುದೇ ಒಂದು ಕಾರ್ಡು.

ವಿಲ್ಮಾ ನೆಟ್ಟಗೆ ಟಾಡ್‌ನ ಕಚೇರಿಗೆ ನಡೆದರು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ಬೆಂಚಿನ ಮೇಲಿದ್ದೆ.

"ಹುಡುಗನ ಫೋಟೊ ತೆಗೆಸು. ಸರಿಯಾದ ಕಾರ್ಡ್ ಶನಿವಾರದೊಳಗೆ ಬರ್ಲಿ."

"ತಿದ್ದಿಬಿಟ್ರೆ ತಮಾಷೆ ಎಲ್ಲುಳಿಯುತ್ತೆ ವಿಲ್ಮಾ? ನೀವು ಸುಮ್ನೆ ಬಂದು ಸಹಿ ಹಾಕಿ."

"ನೋಡಪ್ಪ ಟಾಡ್, ನೀನು ಬೇಲಿ ಹಾರಿ ಚೆಂಡು ಕದೀತಿದ್ದಾಗಿಂದ ನಿನ್ನ ಬಲ್ಲೆ. ಅವನ ಕಾರ್ಡ್ ಬರೋವರ್ಗೂ ನಾನು ಪೆನ್ ಮುಟ್ಟಲ್ಲ."

"ನಾನಿಲ್ಲಿ ಮ್ಯಾನೇಜರು, ಗೊತ್ತಿದೆ ತಾನೆ?"

"ಗೊತ್ತಿರೋದಕ್ಕೇ ಇಷ್ಟು ಮರ್ಯಾದೆಯಾಗಿ ಮಾತಾಡ್ತಿರೋದು."

ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಓರಿನ್ ಗಂಟಲು ಸರಿಮಾಡಿಕೊಂಡರು. "ಈ ಕತ್ತೆ ಹೇಳ್ತಿರೋದು ಸರಿಯಾಗಿದೆ," ಎಂದರು. ಹಾಗೆ ಓರಿನ್ ಹೇಳಿದ್ದನ್ನು ಈ ಊರು ಹಿಂದೆಂದೂ ಕೇಳಿರಲಿಲ್ಲ. ಟಾಡ್ ಇಬ್ಬರ ಮುಖವನ್ನೂ ನೋಡಿದ, ಫೋನೆತ್ತಿದ.

ಫೋಟೊ ಮರುದಿನ ಬೆಳಿಗ್ಗೆಯೇ ಆಯಿತು. ಕಾರ್ಡುಗಳು ಬಂದದ್ದು ಮಾತ್ರ ನಿನ್ನೆ ಸಂಜೆ, ಗೇಟು ತೆರೆಯುವ ಹೊತ್ತಿಗೆ, ಓರಿನ್‌ರ ಹಳೆಯ ಟ್ರಕ್ಕಿನಲ್ಲಿ. ವಿಲ್ಮಾ ಪೆಟ್ಟಿಗೆ ಹರಿದು ಮೊದಲ ಕಾರ್ಡನ್ನು ತಾವೇ ಒಯ್ದು ಯೆರ್ಸನ್ ಕೈಗಿಟ್ಟರು. ಅವನು ಮುಂದೆ ನೋಡಿದ, ಹಿಂದೆ ನೋಡಿದ, ಅವರನ್ನು ಬಾಚಿ ತಬ್ಬಿಕೊಂಡ. ಆಮೇಲೆ ವಿಲ್ಮಾ ಮೇಜಿಗೆ ಬಂದು ಸಹಿ ಹಾಕಲು ಕೂತರು. ಸಾಲು ಹಾಟ್‌ಡಾಗ್ ಅಂಗಡಿ ದಾಟಿ ರಸ್ತೆಗೆ ಮುಟ್ಟಿತ್ತು. "ಅಜ್ಜಿ, ಇವತ್ತು ಎಷ್ಟು ವೇಗದಲ್ಲಿ ಎಸೀತೀರಿ?" ಎಂದವನಿಗೆ "ಬಾಯ್ಮುಚ್ಕೊಂಡು ಸಾಲಲ್ಲಿ ನಿಂತ್ಕೊ, ಇಲ್ಲಾಂದ್ರೆ ನಿನ್ ತಲೆಗೇ ಎಸೀತೀನಿ" ಎಂದರು.

ಪಂದ್ಯ! ಅದನ್ನು ಹೇಗೆ ಬರೆಯಲಿ? ಆರನೇ ಇನ್ನಿಂಗ್ಸ್‌ಗೆ ನಾವು ಒಂದೇ ರನ್ನಿನಿಂದ ಮುಂದಿದ್ದೆವು. ಮೂರು ಬೇಸುಗಳಲ್ಲೂ ಎದುರಾಳಿಗಳು, ಇಬ್ಬರು ಔಟು, ಬ್ಯಾಟು ಹಿಡಿದವನು ಅವರ ಅತಿ ದೊಡ್ಡ ಹೊಡೆತಗಾರ. ಕೋಚ್ ತಂಡ ಕೂರುವ ತಗ್ಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ, ಯೆರ್ಸನ್‌ನನ್ನು ದಿಬ್ಬದಿಂದ ಇಳಿಸಿ ಹೊರಗೆ ಕರೆಯಲೋ ಬೇಡವೋ ಎಂದು. ಬೇಲಿಯ ಪಕ್ಕದಲ್ಲಿ ವಿಲ್ಮಾ ಕುಂಟೆ ಹಿಡಿದು ನಿಂತಿದ್ದರು. ಯೆರ್ಸನ್ ಎಸೆದ. ಚೆಂಡು ಹೊಡೆತಗಾರನ ಬಳಿ ಬಂದು ಸರಕ್ಕನೆ ಕೆಳಗಿಳಿಯಿತು, ಬ್ಯಾಟು ಮೂರನೇ ಸಲವೂ ಬರೀ ಗಾಳಿಗೆ ಬೀಸಿತು, ಅವನು ಔಟು. ನಾವೆಲ್ಲ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆವು. ವಿಲ್ಮಾ ಓರಿನ್‌ರ ಬೆನ್ನಿಗೆ ಎಷ್ಟು ಗುದ್ದಿದರೆಂದರೆ ಇವತ್ತು ಓರಿನ್ ರಜೆ ಹಾಕಿದ್ದಾರೆ. ಪಂದ್ಯ ಮುಗಿದ ಮೇಲೆ ಕೋಚ್ ಹುಡುಗನಿಗೆ ಹೇಳಿದ್ದು ಇಷ್ಟೇ: "ಗುರುವಾರ ಮತ್ತೆ ನೀನೇ."

ಈಗ ಭಾನುವಾರದ ಬೆಳಗು. ದಿಬ್ಬದ ಕೊನೆಯ ಗುಂಡಿ ಮುಚ್ಚುವ ಹೊತ್ತಿಗೆ ಯೆರ್ಸನ್ ಫೋನು ಹಿಡಿದು ಹುಲ್ಲಿನ ಮೇಲೆ ಓಡಿಬರುತ್ತಾನೆ. ತೆರೆಯ ಮೇಲೆ ಅವನ ತಾಯಿ. ಎರಡೂ ಕಾರ್ಡಿನ ಚಿತ್ರ ಅವರಿಗೆ ರಾತ್ರಿಯೇ ಮುಟ್ಟಿದೆ. ಆಕೆಯ ಸ್ಪ್ಯಾನಿಷ್ ಮಾತು ಒಂದೇ ಸಮನೆ ಸುರಿಯುತ್ತದೆ.

"ದೋನ್ಯಾ ವಿಲ್ಮಾ, ಅಮ್ಮಂಗೆ ಎರಡೂ ಕಾರ್ಡ್ ಬೇಕಂತೆ," ಎನ್ನುತ್ತಾನೆ ಯೆರ್ಸನ್, ತನ್ನೂರಿನಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ. "ದಿನಾ ಕೇಳ್ತಿದ್ಲು, ಅಷ್ಟು ದೂರದಲ್ಲಿ ನಿನ್ನ ನೋಡ್ಕೊಳ್ಳೋರು ಯಾರಿದಾರೆ ಅಂತ. ಇವಾಗ ನಿಮ್ಮ ಮುಖ ನೋಡ್ದೆ, ಇನ್ ನಿದ್ದೆ ಮಾಡ್ತೀನಿ ಅಂತಿದಾಳೆ."

ವಿಲ್ಮಾ ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ, ಮೂಗೆಳೆದುಕೊಳ್ಳುತ್ತಾರೆ, ಫೋನಿನ ಹತ್ತಿರ ಬಾಗುತ್ತಾರೆ.

"ನಿಮ್ಮಮ್ಮಂಗೆ ಹೇಳು ಮರಿ. ನೀನು ಕಾಲಿಡೋ ಜಾಗ ಗಟ್ಟಿಯಾಗಿದೆ, ನಾನೇ ಕೈಯಾರೆ ಮಾಡಿದೀನಿ ಅಂತ ಹೇಳು."