ಸಪ್ಪೊರೊ ಯಾರಿಟ್ಟ ಹೆಸರು

ನಮ್ಮ ಸಮಾಜ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಭೂಪಟದ ಮೇಲೆ ಒತ್ತಿದರೆ ಜಪಾನಿನ ಉತ್ತರದ ದ್ವೀಪ ಪೂರ್ತಿ ಮುಚ್ಚಿಹೋಗುತ್ತಿತ್ತು. "ಇಲ್ಲೊಂದು ಊರದೆ ಕಣ್ರಪ್ಪಾ, ಸಪ್ಪೊರೊ ಅಂತ. ಬೀದಿಗಳ್ನ ಹಗ್ಗ ಹಿಡ್ದಂಗೆ ನೆಟ್ಟಗೆ ಎಳ್ದವ್ರೆ. ಮಂಜಲ್ಲಿ ಗೊಂಬೆ ಮಾಡಿ ಹಬ್ಬ ಮಾಡ್ತಾರೆ" ಎಂದರು ಒಂದು ದಿನ. ಹೆಗ್ಗಡದೇವನಕೋಟೆಯ ನಮಗೆ ಮಂಜೆಂದರೆ ಬೆಳಗ್ಗೆ ಹೊಲದ ಮೇಲೆ ಕವಿದು, ಬಿಸಿಲೇರಿದರೆ ಹೋಗಿಬಿಡುವ ಮಂಜು. "ಮಂಜ ಎಂಗ್ ಸಾ ಹಿಡಿಯಾದು?" ಎಂದು ನಾನು ಕೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಮಾರನೆಯ ದಿನ ಒಂದು ಚೀಲ ಹತ್ತಿ ತಂದು ನನ್ನ ಮುಂದೆ ಸುರಿದರು. "ತಗಳವ್ವ, ಈಗ ಹಿಡಿ."

ಆ ಹತ್ತಿಯಲ್ಲೇ ತಾಲ್ಲೂಕು ವಸ್ತುಪ್ರದರ್ಶನಕ್ಕೆ ಸಪ್ಪೊರೊ ಕಟ್ಟಿದೆವು: ಗಡಿಯಾರದ ಗೋಪುರ, ಊರ ನಡುವಿನ ಉದ್ದನೆಯ ಪಾರ್ಕು, ಅದರ ತುಂಬ ಬಿಳಿ ಗೊಂಬೆಗಳು. ಅಲ್ಲಿ ಮೊದಲು ಗೊಂಬೆ ಮಾಡಿದ್ದೂ ಹೈಸ್ಕೂಲು ಮಕ್ಕಳೇ ಅಂತೆ. ವಿವರಿಸುವ ಕೆಲಸ ನನಗೆ ಕೊಟ್ಟರು. ಸರ್ಕಾರದವರು ಕಾಡಿನಿಂದ ಎಬ್ಬಿಸಿ ತಂದ ಬುಡಕಟ್ಟಿನವರ ಹಾಡಿಯ ಹುಡುಗಿ ನಾನು. ಅದುವರೆಗೆ ನನ್ನನ್ನು ಯಾರೂ ಎದ್ದು ಮಾತಾಡು ಎಂದಿರಲಿಲ್ಲ.

ತೀರ್ಪು ಕೊಡಲು ಬಂದ ಸಾಹೇಬರ ಧಿಮಾಕು ಏನು ಹೇಳಲಿ! "ಏನ್ರೀ ಮೇಷ್ಟ್ರೇ, ಹಾಡಿ ಹುಡ್ಗಿಗೆ ಜಪಾನ್ ಯಾಕ್ರೀ? ಜೇನು ಕೀಳೋದು ತೋರಿಸ್ಬೇಕಿತ್ತು" ಎಂದು ನಕ್ಕರು.

ಮೇಷ್ಟ್ರು ಅಲ್ಲಾಡಲಿಲ್ಲ. "ಮೊದ್ಲು ಅವಳು ಹೇಳಾದ ಕೇಳಿ ಸಾರ್. ಆಮೇಲೆ ಬೇಕಾದ್ರೆ ಸೊನ್ನೆ ಕೊಡಿ." ನನ್ನ ಕಡೆ ತಿರುಗಿ, "ಹೇಳವ್ವ, ಸಪ್ಪೊರೊ ಅನ್ನೋ ಹೆಸ್ರು ಯಾರ್ದು?" ಎಂದರು.

ಹೇಳಿದೆ. ಅದು ಜಪಾನಿ ಮಾತಲ್ಲ. ಅಲ್ಲಿ ಮೊದಲಿಂದ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದ ಐನು ಜನರ ಮಾತು, ಅವರ ಹೊಳೆಯ ಹೆಸರು. ಸರ್ಕಾರ ಬಂದು ಪಟ್ಟಣ ಕಟ್ಟಿತು, ಅವರನ್ನು ಮೂಲೆಗೆ ತಳ್ಳಿತು, ಅವರ ಮಾತನ್ನೂ ಬಿಡಿಸಿತು. ಆದರೆ ಊರಿನ ಹೆಸರು ಇವತ್ತಿಗೂ ಅವರದೇ.

ಸಾಹೇಬರು ಸೊನ್ನೆಯನ್ನೇ ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅಳುತ್ತಿದ್ದ ನನ್ನನ್ನು ಮೇಷ್ಟ್ರು ಗದರಿದರು: "ಥೂ, ಸೊನ್ನೆಗೆಲ್ಲಾ ಅಳ್ತಾರಾ? ನೀನ್ ಮಾತಾಡ್ದೆ, ಅವ್ನು ನಿಂತ್ಕಂಡು ಕೇಳ್ದ. ಬುಡು ಅತ್ಲಾಗೆ."

ಈಗ ನಾನೂ ಸಮಾಜ ಪಾಠ ಮಾಡುತ್ತೇನೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅವರ ಮಣ್ಣಿಗೆ ಹೋಗಿ ಬಂದ ವಾರವೇ ನಮ್ಮ ಹಾಡಿಯ ದಾರಿಯಲ್ಲಿ ಹೊಸ ಬೋರ್ಡು ನೆಟ್ಟರು: 'ಪುನರ್ವಸತಿ ಕಾಲೋನಿ, ಎರಡನೇ ಹಂತ'. ಕಾಡಿನೊಳಗಿದ್ದಾಗ ನಮ್ಮಜ್ಜಿ ಹಾಡಿಯನ್ನು ಕರೆಯುತ್ತಿದ್ದ ಹೆಸರನ್ನು ನಾನು ಅದರ ಮೇಲೆ ಬರೆದೆ. ಎರಡು ಸಲ ಅಳಿಸಿದ್ದಾರೆ. ಮೂರನೇ ಸಲ ಹಾಡಹಗಲೇ, ಹಾಡಿಯ ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಬರೆದಿದ್ದೇನೆ. ಅಳಿಸಲಿ, ನೋಡೇಬಿಡೋಣ.