ಬೆನ್ನ ಹಿಂದಿನ ಕುರ್ಚಿ

ರೈಫಲ್ ಗುರಿ ಪಂದ್ಯ ನೋಡಲು ಬಂದವರಿಗೆ ಕಾಣುವುದು ನಮ್ಮ ಬೆನ್ನು ಮಾತ್ರ. ಕಬಡ್ಡಿಯವರಿಗೆ ಶಿಳ್ಳೆ, ಚಪ್ಪಾಳೆ ಎಲ್ಲ ಉಂಟು. ನಮ್ಮಲ್ಲಿ ಯಾರಾದರೂ ಕೆಮ್ಮಿದರೂ ಕೆಕ್ಕರಿಸಿ ನೋಡುತ್ತಾರೆ. ನನಗೆ ಅದು ಒಗ್ಗಿತ್ತು. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು ನಾನು. ಸಂಜೆ ಗೋಡೆಯ ಚುಕ್ಕೆಗೆ ಖಾಲಿ ಏರ್ ರೈಫಲ್ ಹಿಡಿದು ನಿಂತರೆ ಅನ್ನ ಆರಿದ್ದೂ ತಿಳಿಯುವುದಿಲ್ಲ. ಉಣ್ಣು ಬಾ ಎಂದು ಕರೆಯುವವರಿಲ್ಲ.

ಅವ್ವ ತೀರಿಕೊಂಡ ಮೇಲೆ ನನಗೆ ಉಳಿದವಳು ಅಕ್ಕ. ಅವಳನ್ನು ದೇವದುರ್ಗಕ್ಕೆ ಕೊಟ್ಟಿದೆ. ತನ್ನ ಮೈದುನನಿಗೆ ನನ್ನನ್ನು ತಂದುಕೊಳ್ಳುವ ಆಸೆ ಅವಳಿಗಿತ್ತು. ನಾನು ಒಲ್ಲೆ ಎಂದೆ. ಅಂದಿನಿಂದ ಮಾತು ಬಿಟ್ಟಳು. ಮಾನ್ವಿಯಲ್ಲಿ ನೆಂಟರ ಮದುವೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋದಳು. ಅದು ನನಗೆ ಬಹಳ ದಿನ ಸಂಕಟ ಕೊಟ್ಟಿತು. ಆದರೂ ನಮ್ಮ ರೈಫಲ್ ಕ್ಲಬ್ಬಿನ ಪಂದ್ಯದ ದಿನ ಗೊತ್ತಾದಾಗ ತಡೆಯಲಾರದೆ ಫೋನಿನಲ್ಲಿ ಸುದ್ದಿ ಕಳಿಸಿದೆ. ನೋಡಿದ್ದಾಳೆಂದು ಗೊತ್ತಾಯಿತು, ಉತ್ತರ ಬರಲಿಲ್ಲ.

ಪಂದ್ಯದಲ್ಲಿ ಮೊದಲು ಮಂಡಿಯೂರಿ ಹೊಡೆಯಬೇಕು. ಬಲ ಮೊಣಕಾಲು ನೆಲಕ್ಕೆ, ಪಾದದ ಗೆಣ್ಣಿನ ಕೆಳಗೆ ಮರಳು ತುಂಬಿದ ದಿಂಬು, ಎಡ ಮೊಣಕೈ ಎಡ ಮೊಣಕಾಲ ಮೇಲೆ. ಅಕ್ಕ ರೊಟ್ಟಿ ಬಡಿಯುವಾಗಲೂ ಒಂದು ಮೊಣಕಾಲು ಎತ್ತಿಯೇ ಕೂರುತ್ತಾಳೆ. ಹಾಗಾಗಿಯೋ ಏನೋ, ಈ ಭಂಗಿ ನನಗೆ ಬೇಗ ಬಂತು.

ಅದು ಮುಗಿದು, ಮಲಗಿ ಹೊಡೆಯಲು ಚಾಪೆ ಹಾಸುತ್ತ ಬಗ್ಗಿದಾಗ, ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಹಸಿರು ಸೀರೆ ಕಂಡಿತು. ಅಕ್ಕ. ನೆಟ್ಟಗೆ ತಿರುಗಿ ನೋಡಬಹುದಿತ್ತು. ಮತ್ತೆ ಮುಖ ತಿರುಗಿಸಿದರೆ ಎಂದು ಹೆದರಿದೆ.

ಹೊಟ್ಟೆಯ ಮೇಲೆ ಮಲಗಿದೆ. ಎಡ ರಟ್ಟೆಗೆ ರೈಫಲ್ಲಿನ ಪಟ್ಟಿ ಬಿಗಿದಾಗ ನಾಡಿಯ ಬಡಿತಕ್ಕೆ ಗುರಿಯೇ ಕುಣಿಯತೊಡಗಿತು. ನಮಗೆ ಕಲಿಸುವವರು ಸೈನ್ಯದಿಂದ ನಿವೃತ್ತರಾದ ಉಸ್ತಾದರು. ಹತ್ತಿರ ಬಂದು ಮೆಲ್ಲಗೆ ಅಂದರು:

"ಕಣ್ಣು ಮುಚ್ಚಿ ತೆಗೀರಿ. ಬಂದೂಕು ಎತ್ತಾಗ ಹೊಂಟದ ನೋಡ್ರಿ. ಕೈಲೆ ಎಳೀಬ್ಯಾಡ್ರಿ, ಪೂರಾ ಮೈ ಸರಿಸ್ರಿ."

ಕಣ್ಣು ತೆರೆದಾಗ ನಳಿಗೆ ಪಕ್ಕಕ್ಕೆ ಸರಿದಿತ್ತು. ಮೈ ಸರಿಸಿಕೊಂಡೆ. ಮತ್ತೆ ಸರಿಯಿತು. ಮನಸ್ಸೆಲ್ಲ ಆ ಕುರ್ಚಿಯಲ್ಲಿತ್ತು, ಮೈ ಎಷ್ಟು ಸರಿಸಿದರೇನು.

ಕೊನೆಯದು ನಿಂತು ಹೊಡೆಯುವುದು. ಮೊಣಕೈಯನ್ನು ಸೊಂಟದ ಎಲುಬಿಗೆ ಆನಿಸಿ, ತೂಕವನ್ನೆಲ್ಲ ಎಲುಬಿನ ಮೇಲೆ ಬಿಟ್ಟು ನಿಲ್ಲಬೇಕು. ಅಕ್ಕ ನೋಡುತ್ತಿದ್ದಾಳೆಂದು ನಿಂತೆ. ಅಂಕ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ರೈಫಲ್ ಕೆಳಗಿಟ್ಟು ತಿರುಗಿದಾಗ ಕುರ್ಚಿಯಲ್ಲಿ ಅಕ್ಕ ಇರಲಿಲ್ಲ, ಬುತ್ತಿಯ ಗಂಟು ಇತ್ತು. ಬಿಚ್ಚಿದರೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅಷ್ಟು ಜನರ ನಡುವೆ ನನಗೆ ಅಳು ಬಂತು.

ಫೋನ್ ಮಾಡಿದೆ. ಎತ್ತಿದಳು. ಹಿಂದೆ ಬಸ್ಸಿನ ಸದ್ದು.

"ಯಾಕ ಹೋದಿ ಅಕ್ಕಾ? ನಿಲ್ಲಬಾರದಿತ್ತೇನು?"

ಮೊದಲು ಕಂಡಕ್ಟರನಿಂದ ದೇವದುರ್ಗದ ಟಿಕೆಟ್ ತೆಗೆದುಕೊಂಡಳು.

"ನಿನ್ನ ಮಾರಿ ನೋಡಿದ್ರ ಸಿಟ್ಟು ಬರ್ತದ. ಬೆನ್ನು ನೋಡ್ಕೋತ ಕುಂತಿದ್ನಿ. ಬೆನ್ನಿನ ಮ್ಯಾಲ ನಂಗೇನು ಸಿಟ್ಟಿಲ್ಲ." ಮತ್ತೆ ಅವಳೇ ಕೇಳಿದಳು, "ಮುಂದಿಂದು ಯಾವಾಗ ಅದ?"

ಗೊತ್ತಾದ ಕೂಡಲೇ ತಿಳಿಸುತ್ತೇನೆ ಎಂದೆ. ತಿರುಗಿ ನೋಡುವುದಿಲ್ಲ ಎಂದೂ ಹೇಳಿದೆ.